ಆಡಿ ಉಳಿಸಬೇಕಾದ ಆಟಗಳು

2014ನೆಯ ಇಸವಿಯ ಏಪ್ರಿಲ್ 26ರಂದು ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಅಲಮೊಗೊರ್ಡೊ ಎಂಬ ಪಟ್ಟಣದಲ್ಲಿ ಒಂದು ವಿಚಿತ್ರವಾದ ಉತ್ಖನನ ನಡೆಯಿತು. ಅದು ಮರುಭೂಮಿಯ ಸೀಮೆ. ಗಾಳಿ ಬೀಸಿ ಧೂಳು ಕಣ್ಣಿಗೆ ರಾಚುತ್ತಿದ್ದಿತು. ಆದರೂ ನೂರಾರು ಜನ ದೂರದ ಊರುಗಳಿಂದ ಬಂದು, ಊರಿನ ಹಳೆಯ ಕಸದ ಗುಂಡಿಯ ಸುತ್ತ ಕಾದು ನಿಂತಿದ್ದರು. ಯಂತ್ರವು ಮಣ್ಣನ್ನು ಬಗೆದು ಮೇಲಕ್ಕೆತ್ತುತ್ತಿದ್ದಿತು. ಪುರಾತತ್ತ್ವಜ್ಞರು ಅದನ್ನು ಕೆದಕಿ ನೋಡುತ್ತಿದ್ದರು. ಉತ್ಖನನವೆಂದೊಡನೆ ಶಾಸನ, ನಾಣ್ಯ, ಮಡಕೆಯ ಚೂರುಗಳು ನೆನಪಾಗುವುದು ಸಹಜ. ಅಂದು ಆ ಗುಂಡಿಯಿಂದ ಹೊರಬಂದವು ಅಂಗೈಯಗಲದ ಪ್ಲಾಸ್ಟಿಕ್ ಪೆಟ್ಟಿಗೆಗಳು. ಟಿ.ವಿ.ಗೆ ಜೋಡಿಸಿ ಆಡುವ ವಿಡಿಯೋ ಆಟಗಳ ಕಾರ್ಟ್ರಿಜ್‌ಗಳು ಅವು.

ಅವನ್ನು ಹೂತವರು ಯಾರು? ಅವನ್ನು ತಯಾರಿಸಿದ ಅಟಾರಿ ಕಂಪನಿಯವರೇ. 1983ರಲ್ಲಿ ಆಟಗಳ ವ್ಯಾಪಾರ ಕುಸಿದು ಬಿದ್ದಾಗ, ಮಾರಾಟವಾಗದೆ ಉಳಿದ ಸರಕನ್ನು ಲಾರಿಗಳಲ್ಲಿ ತುಂಬಿ ತಂದು, ಆ ಗುಂಡಿಯಲ್ಲಿ ಸುರಿದು, ಮೇಲೆ ಕಾಂಕ್ರೀಟು ಹಾಸಿದ್ದರು. ಮೂವತ್ತು ವರ್ಷಗಳ ಅನಂತರ ಹೊರತೆಗೆದವು ಸುಮಾರು 1,300. ಅವುಗಳಲ್ಲಿ ಹಲವನ್ನು ಪಟ್ಟಣದವರು ಹರಾಜು ಹಾಕಿದರು. ಒಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯವನ್ನು ಸೇರಿತು. 1983ರಲ್ಲಿ ಕಸವಾಗಿದ್ದ ವಸ್ತು 2014ರಲ್ಲಿ ಇತಿಹಾಸದ ಸಾಕ್ಷಿಯಾಯಿತು. ವಸ್ತು ಬದಲಾಗಲಿಲ್ಲ, ಅದನ್ನು ನೋಡುವ ಕಣ್ಣು ಬದಲಾಯಿತು. ಆ ಕಣ್ಣನ್ನು ಬದಲಾಯಿಸಿದವರು ದೊಡ್ಡ ವಿದ್ವಾಂಸರಲ್ಲ, ಅಧಿಕಾರಿಗಳಲ್ಲ; ಹಳೆಯ ಆಟದ ಯಂತ್ರಗಳನ್ನೂ ಕಾರ್ಟ್ರಿಜ್‌ಗಳನ್ನೂ ಹುಡುಕಿ ತಂದು, ಒರೆಸಿ, ದುರಸ್ತಿ ಮಾಡಿ, ಇಂದಿಗೂ ಆಡುತ್ತಿರುವ ಸಾಮಾನ್ಯ ಜನರು. ಇವರ ಹವ್ಯಾಸವನ್ನು ಹುಡುಗಾಟವೆಂದು ನಗುವವರಿದ್ದಾರೆ. ಅದು ಹುಡುಗಾಟವೋ ಅಥವಾ ಬೆಲೆಯುಳ್ಳ ಕೆಲಸವೋ ಎಂಬುದು ವಿಚಾರ ಮಾಡಬೇಕಾದ ಪ್ರಶ್ನೆ.

ಮೊದಲು ಈ ವಸ್ತುವಿನ ಹುಟ್ಟನ್ನು ತಿಳಿಯಬೇಕು. ಮನೆಯ ಟಿ.ವಿ.ಯನ್ನು ನೋಡುವುದಕ್ಕಷ್ಟೇ ಬಳಸುತ್ತಿದ್ದ ಕಾಲದಲ್ಲಿ, ಅದರೊಡನೆ ಆಡಲೂಬಹುದು ಎಂದು ಯೋಚಿಸಿದವನು ರಾಲ್ಫ್ ಬೇರ್ ಎಂಬ ಎಂಜಿನಿಯರು. ಜರ್ಮನಿಯಲ್ಲಿ ಯೆಹೂದಿ ಕುಟುಂಬದಲ್ಲಿ ಹುಟ್ಟಿದ ಆತ, ಹಿಟ್ಲರನ ಕಾಲದಲ್ಲಿ ಬಾಲಕನಾಗಿ ತಂದೆತಾಯಿಯರೊಡನೆ ಅಮೆರಿಕಕ್ಕೆ ಬಂದವನು. ಅವನೂ ಅವನ ಸಂಗಡಿಗರೂ ರೂಪಿಸಿದ ಮಾದರಿ ಯಂತ್ರವೇ ಮುಂದೆ ‘ಮ್ಯಾಗ್ನವಾಕ್ಸ್ ಒಡಿಸ್ಸಿ’ ಎಂಬ ಹೆಸರಿನಿಂದ 1972ರಲ್ಲಿ ಮಾರುಕಟ್ಟೆಗೆ ಬಂದಿತು. ಅದರಲ್ಲಿ ಮೈಕ್ರೊಪ್ರೊಸೆಸರ್ ಇರಲಿಲ್ಲ, ಸದ್ದೂ ಇರಲಿಲ್ಲ. ಪರದೆಯ ಮೇಲೆ ಕೆಲವು ಬಿಳಿಯ ಚೌಕಗಳೂ ಒಂದು ಗೆರೆಯೂ ಕಾಣುತ್ತಿದ್ದವು, ಅಷ್ಟೆ. ಬಣ್ಣದ ಚಿತ್ರವಿರುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಟಿ.ವಿ.ಯ ಗಾಜಿಗೆ ಅಂಟಿಸಿ, ಆ ಚೌಕವನ್ನೇ ಒಮ್ಮೆ ಚೆಂಡೆಂದೂ ಮತ್ತೊಮ್ಮೆ ಬೇರೆಯದೆಂದೂ ಭಾವಿಸಿಕೊಂಡು ಆಡಬೇಕಾಗಿದ್ದಿತು. ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಕುಂಟೆಬಿಲ್ಲೆ ಆಡುವ ಮಕ್ಕಳಿಗೆ ಇದು ಅಚ್ಚರಿಯೆನಿಸದು. ಆಟಕ್ಕೆ ಬೇಕಾದದ್ದರಲ್ಲಿ ಅರ್ಧ ಯಂತ್ರದಲ್ಲಿತ್ತು. ಉಳಿದರ್ಧ ಆಡುವವರ ಕಲ್ಪನೆಯಲ್ಲಿತ್ತು.

ಒಂದೇ ಯಂತ್ರದಲ್ಲಿ ಬೇರೆ ಬೇರೆ ಆಟಗಳನ್ನು ಹಾಕಿ ಆಡುವ ನಿಜವಾದ ಕಾರ್ಟ್ರಿಜ್ ಬಂದುದು 1976ರಲ್ಲಿ, ಫೇರ್‌ಚೈಲ್ಡ್ ಕಂಪನಿಯ ‘ಚಾನಲ್ ಎಫ್’ ಎಂಬ ಯಂತ್ರದೊಡನೆ. ಆಟದ ಪ್ರೋಗ್ರಾಂ ಅನ್ನು ಒಂದು ಚಿಪ್ಪಿನಲ್ಲಿ ಅಚ್ಚೊತ್ತಿ, ಅದನ್ನು ಪೆಟ್ಟಿಗೆಯಲ್ಲಿಟ್ಟು, ಬೇಕೆಂದಾಗ ಯಂತ್ರಕ್ಕೆ ತುರುಕುವ ಉಪಾಯವದು. ಕಲ್ಪನೆ ಅಲ್ಪೆಕ್ಸ್ ಎಂಬ ಸಣ್ಣ ಕಂಪನಿಯ ಎಂಜಿನಿಯರುಗಳದು. ಅದನ್ನು ಮನೆಮನೆಗೆ ಮಾರಬಹುದಾದ ಸರಕಾಗಿ ಮಾಡಿದ ತಂಡಕ್ಕೆ ಮುಖ್ಯಸ್ಥನಾಗಿದ್ದವನು ಜೆರಿ ಲಾಸನ್. ಆ ಕಾಲದ ಅಮೆರಿಕದ ಎಲೆಕ್ಟ್ರಾನಿಕ್ ಉದ್ಯಮದಲ್ಲಿ ಕಪ್ಪು ಜನಾಂಗದ ಎಂಜಿನಿಯರುಗಳು ಬೆರಳೆಣಿಕೆಯಷ್ಟು ಮಾತ್ರ, ಲಾಸನ್ ಅವರಲ್ಲೊಬ್ಬ. ಮಕ್ಕಳು ಮತ್ತೆ ಮತ್ತೆ ತುರುಕಿ ಕಿತ್ತರೂ ಕೆಡದಂತೆ ಪೆಟ್ಟಿಗೆಯನ್ನು ರೂಪಿಸುವುದು ಸುಲಭವಾಗಿರಲಿಲ್ಲ. ಆದರೆ ‘ಚಾನಲ್ ಎಫ್’ ವ್ಯಾಪಾರದಲ್ಲಿ ಸೋತಿತು, ಲಾಸನ್ನನ ಹೆಸರು ಮರೆತುಹೋಯಿತು. 2011ರ ಮಾರ್ಚಿಯಲ್ಲಿ ಆಟ ನಿರ್ಮಾಪಕರ ಅಂತರರಾಷ್ಟ್ರೀಯ ಸಂಘವು ಅವನನ್ನು ಸನ್ಮಾನಿಸಿತು. ಮುಂದಿನ ತಿಂಗಳೇ ಅವನು ತೀರಿಕೊಂಡನು. ಹಳೆಯ ಯಂತ್ರಗಳನ್ನು ಯಾರೂ ಉಳಿಸಿಕೊಳ್ಳದೆ ಹೋಗಿದ್ದರೆ, ಅದರ ಹಿಂದಿನ ಮನುಷ್ಯನನ್ನು ಹುಡುಕುವ ಕುತೂಹಲವಾದರೂ ಯಾರಿಗೆ ಹುಟ್ಟುತ್ತಿದ್ದಿತು?

1977ರಲ್ಲಿ ಅಟಾರಿ ಕಂಪನಿಯ ಯಂತ್ರ ಬಂದಿತು. ಮುಂದೆ ಅದು ‘ಅಟಾರಿ 2600’ ಎಂದು ಹೆಸರಾಯಿತು. ಅದರ ನೆನಪಿನ ಶಕ್ತಿ, ಎಂದರೆ ಆಟ ನಡೆಯುವಾಗ ಲೆಕ್ಕಗಳನ್ನು ಇಟ್ಟುಕೊಳ್ಳುವ ಜಾಗ, ಕೇವಲ 128 ಬೈಟು. ನೂರ ಇಪ್ಪತ್ತೆಂಟು ಇಂಗ್ಲಿಷ್ ಅಕ್ಷರಗಳನ್ನು ಬರೆದರೆ ಒಂದು ಅಂಚೆ ಕಾರ್ಡಿನ ಅರ್ಧ ಭಾಗವೂ ತುಂಬದು. ಇಡೀ ಪರದೆಯ ಚಿತ್ರವನ್ನು ಒಮ್ಮೆಲೇ ನೆನಪಿನಲ್ಲಿಟ್ಟುಕೊಳ್ಳುವಷ್ಟು ಸ್ಥಳ ಅದಕ್ಕಿಲ್ಲ. ಆದುದರಿಂದ ಟಿ.ವಿ.ಯ ಕಿರಣವು ಪರದೆಯ ಮೇಲೆ ಒಂದೊಂದೇ ಗೆರೆಯನ್ನು ಎಳೆಯುತ್ತಿರುವಾಗಲೇ, ಆ ಗೆರೆಯಲ್ಲಿ ಏನು ಕಾಣಬೇಕೆಂಬುದನ್ನು ಪ್ರೋಗ್ರಾಂ ಬರೆಯುವವರು ಹೊಂದಿಸಬೇಕಾಗಿದ್ದಿತು. ಇಂಥ ಇಕ್ಕಟ್ಟಿನಲ್ಲಿಯೇ ಡೇವಿಡ್ ಕ್ರೇನ್ 1982ರಲ್ಲಿ ‘ಪಿಟ್‌ಫಾಲ್’ ಎಂಬ ಆಟವನ್ನು ರಚಿಸಿದನು. ಅದರಲ್ಲಿ ಕಾಡಿನ 255 ದೃಶ್ಯಗಳಿವೆ. ಅವುಗಳಲ್ಲಿ ಯಾವುದನ್ನೂ ಚಿತ್ರವಾಗಿ ಕೂಡಿಟ್ಟಿಲ್ಲ; ಒಂದು ಚಿಕ್ಕ ಸೂತ್ರದಿಂದ ಒಂದಾದ ಮೇಲೊಂದು ದೃಶ್ಯ ಹುಟ್ಟುತ್ತದೆ. ಇಡೀ ಆಟ ಹಿಡಿದದ್ದು ನಾಲ್ಕು ಕಿಲೋಬೈಟು ಮಾತ್ರ.

ಜಪಾನಿನ ನಿಂಟೆಂಡೊ ಕಂಪನಿ 1985ರಲ್ಲಿ ಹೊರತಂದ ‘ಸೂಪರ್ ಮಾರಿಯೊ ಬ್ರದರ್ಸ್’ ಆಟವನ್ನು ನೋಡಬಹುದು. ಮೀಸೆ ಹೊತ್ತ ಕೊಳಾಯಿ ಕೆಲಸದವನೊಬ್ಬ ಓಡುತ್ತ, ನೆಗೆಯುತ್ತ ರಾಜಕುಮಾರಿಯನ್ನು ಬಿಡಿಸಲು ಹೋಗುವ ಕಥೆ. ಅದರ ಗಾತ್ರ ಸುಮಾರು 40 ಕಿಲೋಬೈಟು. ಇಂದು ಕೈಯಲ್ಲಿರುವ ಮೊಬೈಲಿನಿಂದ ತೆಗೆದ ಒಂದು ಛಾಯಾಚಿತ್ರ ಇದರ ಹತ್ತಾರು ಪಟ್ಟು ದೊಡ್ಡದು. ಆ ಆಟದಲ್ಲಿ ಆಕಾಶದ ಮೋಡವನ್ನೂ ನೆಲದ ಪೊದೆಯನ್ನೂ ಗಮನವಿಟ್ಟು ನೋಡಿದರೆ ಒಂದು ಗುಟ್ಟು ತಿಳಿಯುತ್ತದೆ. ಎರಡರ ಆಕಾರವೂ ಒಂದೇ! ಬಿಳಿಯ ಬಣ್ಣ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಮನೆಯಲ್ಲಿರುವ ಎರಡೇ ತರಕಾರಿಯಲ್ಲಿ ಹಬ್ಬದಡಿಗೆ ಮಾಡಿ ಬಡಿಸುವ ಗೃಹಿಣಿಯ ಜಾಣ್ಮೆಯಂಥದೇ ಈ ಜಾಣ್ಮೆ. ಕೊರತೆಯನ್ನು ಕಂಡು ಗೊಣಗದೆ, ಕೊರತೆಯಿಂದಲೇ ಚೆಲುವನ್ನು ಹೊಮ್ಮಿಸಿದವರ ಕೈಬರಹ ಈ ಪೆಟ್ಟಿಗೆಗಳೊಳಗೆ ಅಡಗಿದೆ.

ಆ ಕೈಗಳಿಗೆ ಹೆಸರೇ ಇಲ್ಲದ ಕಾಲವೂ ಒಂದಿತ್ತು. ಅಟಾರಿ ಕಂಪನಿಯು ಆಟ ರಚಿಸಿದವರ ಹೆಸರನ್ನು ಪೆಟ್ಟಿಗೆಯ ಮೇಲೆ ಹಾಕುತ್ತಿರಲಿಲ್ಲ. ವಾರೆನ್ ರಾಬಿನೆಟ್ ಎಂಬ ತರುಣ ‘ಅಡ್ವೆಂಚರ್’ ಎಂಬ ಆಟವನ್ನು ಒಬ್ಬನೇ ರಚಿಸಿದನು. ಅದರೊಳಗೆ ಯಾರಿಗೂ ಹೇಳದೆ ಒಂದು ಗುಪ್ತವಾದ ಕೋಣೆಯನ್ನು ಕಟ್ಟಿ, ಅಲ್ಲಿ ತನ್ನ ಹೆಸರನ್ನು ಬರೆದಿಟ್ಟನು. ಕಣ್ಣಿಗೆ ಕಂಡೂ ಕಾಣದ ಒಂದು ಚುಕ್ಕೆಯನ್ನು ಹುಡುಕಿ ಒಯ್ದವರಿಗಷ್ಟೇ ಆ ಕೋಣೆ ತೆರೆಯುತ್ತಿದ್ದಿತು. ಆಟ ಮಾರಾಟವಾದ ಮೇಲೆ ಅದನ್ನು ಕಂಡುಹಿಡಿದವನು ಒಬ್ಬ ಹುಡುಗ. ಅಷ್ಟರಲ್ಲಿ ರಾಬಿನೆಟ್ ಕಂಪನಿಯನ್ನು ಬಿಟ್ಟಿದ್ದನು. ಸೋಮನಾಥಪುರದ ಗುಡಿಯ ಶಿಲ್ಪಗಳ ಕೆಳಗೆ ಮಲ್ಲಿತಮ್ಮನೆಂಬ ಶಿಲ್ಪಿಯ ಹೆಸರನ್ನು ಓದಿದ ಕನ್ನಡಿಗರಿಗೆ ರಾಬಿನೆಟ್ಟನ ಮನಸ್ಸು ಅರ್ಥವಾಗದೆ ಇರದು. ಮಾಡಿದ ಕೆಲಸದ ಮೇಲೆ ಹೆಸರು ಉಳಿಯಲಿ ಎಂಬ ಆಸೆ ಕಲ್ಲಿನ ಕಾಲಕ್ಕೂ ಒಂದೇ, ಚಿಪ್ಪಿನ ಕಾಲಕ್ಕೂ ಒಂದೇ. ಆದರೆ ಕಲ್ಲಿನ ಮೇಲಿನ ಹೆಸರನ್ನು ನಿಂತು ಓದಬಹುದು. ಚಿಪ್ಪಿನೊಳಗಿನ ಹೆಸರನ್ನು ಓದಬೇಕಾದರೆ ಆಟವನ್ನು ಆಡಬೇಕು. ಆಡಬೇಕಾದರೆ ಯಂತ್ರ ನಡೆಯುತ್ತಿರಬೇಕು.

ಸಂಗ್ರಾಹಕರ ಕೆಲಸ ಆರಂಭವಾಗುವುದು ಇಲ್ಲಿಯೇ. ಹಳೆಯ ಸಾಮಾನಿನ ಅಂಗಡಿಯಲ್ಲಿ, ಅಟ್ಟದ ಮೂಲೆಯಲ್ಲಿ, ಮನೆ ಖಾಲಿ ಮಾಡುವವರ ರಾಶಿಯಲ್ಲಿ ದೊರೆತ ಕಾರ್ಟ್ರಿಜ್ ಸಾಮಾನ್ಯವಾಗಿ ಮೊದಲ ಸಲಕ್ಕೆ ನಡೆಯುವುದಿಲ್ಲ. ಅದರ ತುದಿಯಲ್ಲಿರುವ ಲೋಹದ ಪಟ್ಟಿಗಳ ಮೇಲೆ ಕೊಳೆ, ಕಿಲುಬು ಕುಳಿತಿರುತ್ತದೆ. ಹಿಂದಿನ ಕಾಲದ ಮಕ್ಕಳು ಇಂಥ ಕಾರ್ಟ್ರಿಜ್ಜಿಗೆ ಬಾಯಿಂದ ‘ಉಫ್’ ಎಂದು ಊದಿ ಮತ್ತೆ ತುರುಕುತ್ತಿದ್ದರು. ಎಷ್ಟೋ ಸಲ ಆಟ ನಡೆಯುತ್ತಿದ್ದಿತು ಕೂಡ. ಊದಿದುದರಿಂದಲೇ ಸರಿಹೋಯಿತೆಂಬ ನಂಬಿಕೆ ಲೋಕದಾದ್ಯಂತ ಹಬ್ಬಿತು. ವಾಸ್ತವದಲ್ಲಿ ಕೆಲಸ ಮಾಡಿದ್ದು ಉಸಿರಲ್ಲ. ಪೆಟ್ಟಿಗೆಯನ್ನು ತೆಗೆದು ಮತ್ತೆ ಕೂರಿಸಿದಾಗ ಪಟ್ಟಿಗಳು ಸರಿಯಾಗಿ ತಾಗುತ್ತಿದ್ದವು. ಉಸಿರಿನ ತೇವವು ಲೋಹಕ್ಕೆ ಕೇಡನ್ನೇ ಮಾಡುತ್ತಿದ್ದಿತು. ಬಲ್ಲವರು ಪೆಟ್ಟಿಗೆಯ ತಿರುಪುಗಳನ್ನು ಬಿಚ್ಚಿ, ಹತ್ತಿ ಸುತ್ತಿದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ, ಪಟ್ಟಿಗಳನ್ನು ಮೆಲ್ಲನೆ ಒರೆಸುತ್ತಾರೆ. ಮೂಢನಂಬಿಕೆ ಹೇಗೆ ಹುಟ್ಟುತ್ತದೆ, ಕಾರಣವನ್ನು ಹುಡುಕಿದರೆ ಅದು ಹೇಗೆ ಕರಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ಯಂತ್ರಗಳಿಗೂ ಮುಪ್ಪು ತಪ್ಪಿದ್ದಲ್ಲ. ಬೂದು ಬಣ್ಣದ ಪ್ಲಾಸ್ಟಿಕ್ ಬೆಳಕಿಗೂ ಶಾಖಕ್ಕೂ ಹಳದಿಯಾಗುತ್ತದೆ. ಒಳಗಿನ ಕೆಪಾಸಿಟರುಗಳು ಒಣಗುತ್ತವೆ, ಇಲ್ಲವೆ ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿನ್ನುತ್ತವೆ. ಇವನ್ನು ಬದಲಾಯಿಸಲು ಬೆಸುಗೆಯ ಕೆಲಸ ಗೊತ್ತಿರಬೇಕು. ವಿದ್ಯುತ್ತಿನ ವಿಷಯದಲ್ಲಿ ಎಚ್ಚರವೂ ಇರಬೇಕು. ಎಲ್ಲಕ್ಕಿಂತ ಮನಮುಟ್ಟುವ ಸಂಗತಿ ಬ್ಯಾಟರಿಯದು. ‘ದ ಲೆಜೆಂಡ್ ಆಫ್ ಜೆಲ್ಡಾ’ ಎಂಬ ಆಟವು ಬಹು ದೀರ್ಘವಾದುದು. ಒಂದೇ ದಿನದಲ್ಲಿ ಮುಗಿಯುವಂಥದಲ್ಲ. ಆದುದರಿಂದ ಅಮೆರಿಕದಲ್ಲಿ 1987ರಲ್ಲಿ ಹೊರಬಂದ ಅದರ ಹೊಂಬಣ್ಣದ ಕಾರ್ಟ್ರಿಜ್ಜಿನಲ್ಲಿ ನಾಣ್ಯದಂಥ ಒಂದು ಬ್ಯಾಟರಿಯನ್ನಿಟ್ಟಿದ್ದರು. ಯಂತ್ರವನ್ನು ಆರಿಸಿದ ಮೇಲೂ ಆಡುವವರ ಹೆಸರನ್ನೂ ಅವರು ಮುಟ್ಟಿದ ಹಂತವನ್ನೂ ಅದು ನೆನಪಿನಲ್ಲಿ ಉಳಿಸುತ್ತಿದ್ದಿತು. ಮೂವರು ತಮ್ಮ ತಮ್ಮ ಹೆಸರು ಬರೆದುಕೊಳ್ಳಲು ಅದರಲ್ಲಿ ಅವಕಾಶವಿತ್ತು.

ಇಂಥ ಹಳೆಯ ಕಾರ್ಟ್ರಿಜ್ಜನ್ನು ಇಂದು ಕೊಂಡವರು ಯಂತ್ರಕ್ಕೆ ಹಾಕಿದಾಗ, ಒಮ್ಮೊಮ್ಮೆ ಪರದೆಯ ಮೇಲೆ ಯಾರೋ ಅಪರಿಚಿತ ಮಗುವಿನ ಹೆಸರು ಮೂಡುತ್ತದೆ. ಎಂದೋ ಒಂದು ಸಂಜೆ ಅರ್ಧಕ್ಕೆ ನಿಲ್ಲಿಸಿ ಊಟಕ್ಕೆ ಎದ್ದುಹೋದ ಮಗು ಅದು. ಅದರ ಆಟ ಅಲ್ಲಿಯೇ ಕಾಯುತ್ತಿರುತ್ತದೆ. ಆದರೆ ಬ್ಯಾಟರಿಗೆ ಆಯುಸ್ಸಿದೆ. ಅದು ತೀರಿದರೆ ಹೆಸರು ಅಳಿಯುತ್ತದೆ. ಹೊಸ ಬ್ಯಾಟರಿ ಹಾಕಲು ಹಳೆಯದನ್ನು ತೆಗೆದರೂ ಅಳಿಯುತ್ತದೆ. ಈ ಸಂಕಟವನ್ನು ಅರಿತ ಸಂಗ್ರಾಹಕರು ಬೇರೊಂದು ಉಪಕರಣದಿಂದ ಆ ನೆನಪನ್ನು ಮೊದಲು ನಕಲು ಮಾಡಿಕೊಂಡು, ಬ್ಯಾಟರಿ ಬದಲಾಯಿಸಿ, ಅದನ್ನು ಮತ್ತೆ ಒಳಗೆ ತುಂಬುತ್ತಾರೆ. ಗುರುತು ಪರಿಚಯವಿಲ್ಲದ ಮಗುವಿನ ಹೆಸರಿಗಾಗಿ ಒಂದು ರಾತ್ರಿ ನಿದ್ದೆಗೆಡುವವರನ್ನು ಬರಿಯ ಆಟಗುಳಿಗಳೆಂದು ಕರೆಯುವುದು ನ್ಯಾಯವಲ್ಲ.

ಸಂಗ್ರಾಹಕರೆಲ್ಲರೂ ಹೀಗೆಯೇ ಇರುವರೆಂದು ಹೇಳಲಾಗದು. ಇದೇ ಹವ್ಯಾಸಕ್ಕೆ ಮತ್ತೊಂದು ಮುಖವೂ ಉಂಟು. 2021ರ ಜುಲೈಯಲ್ಲಿ ‘ಸೂಪರ್ ಮಾರಿಯೊ 64’ ಎಂಬ ಆಟದ, ಮೊಹರು ಒಡೆಯದ ಒಂದು ಪ್ರತಿ ಹರಾಜಿನಲ್ಲಿ 15 ಲಕ್ಷ 60 ಸಾವಿರ ಡಾಲರಿಗೆ ಮಾರಾಟವಾಯಿತು. ಮರುತಿಂಗಳು ‘ಸೂಪರ್ ಮಾರಿಯೊ ಬ್ರದರ್ಸ್’ ಆಟದ ಅಂಥದೇ ಪ್ರತಿಗೆ 20 ಲಕ್ಷ ಡಾಲರು ಬಂದಿತು. ಈ ಆಟಗಳೇನೂ ಅಪರೂಪದವಲ್ಲ. ಇವುಗಳ ಪ್ರತಿಗಳು ಲೋಕದಲ್ಲಿ ಲಕ್ಷಗಟ್ಟಲೆ ಇವೆ. ಬೆಲೆ ಬಂದದ್ದು ಆಟಕ್ಕಲ್ಲ, ಒಡೆಯದ ಮೊಹರಿಗೆ. ಆ ಪ್ರತಿಯನ್ನು ಯಾವ ಮಗುವೂ ಎಂದೂ ಮುಟ್ಟಿಲ್ಲ, ಇನ್ನು ಮುಂದೆಯೂ ಮುಟ್ಟುವುದಿಲ್ಲ. ಗಾಜಿನಂಥ ಪೆಟ್ಟಿಗೆಯಲ್ಲಿ ಕುಳಿತು ಅದು ಒಬ್ಬರಿಂದ ಒಬ್ಬರಿಗೆ ಬೆಲೆ ಏರಿಸಿಕೊಂಡು ಹೋಗುತ್ತದೆ. ನೆಲದಲ್ಲಿ ಹೂತಿಟ್ಟ ಹೊನ್ನಿಗೂ ಇದಕ್ಕೂ ಏನು ಅಂತರ? ಅಲಮೊಗೊರ್ಡೊದಲ್ಲಿ ಆಟಗಳು ಬೆಲೆಯಿಲ್ಲದೆ ಮಣ್ಣು ಸೇರಿದ್ದವು; ಇಲ್ಲಿ ಅತಿಬೆಲೆಯಿಂದ ಗಾಜಿನಡಿ ಸೇರಿವೆ. ಆಡುವವರ ಪಾಲಿಗೆ ಎರಡೂ ಸಮಾಧಿಯೇ. ಬೆಲೆ ಏರಿದಂತೆ ಕಳ್ಳ ನಕಲುಗಳೂ ಹೆಚ್ಚುತ್ತವೆ. ಪ್ರೀತಿಯಿಂದ ಆಡಬಯಸುವ ಬಡವರ ಕೈಗೆ ನಿಜವಾದ ಪ್ರತಿ ಎಟುಕದಂತಾಗುತ್ತದೆ. ಪುಸ್ತಕವನ್ನು ಓದುವುದರಿಂದ, ವೀಣೆಯನ್ನು ನುಡಿಸುವುದರಿಂದ, ಆಟವನ್ನು ಆಡುವುದರಿಂದ ಅದು ಬದುಕುತ್ತದೆ. ಸಂಗ್ರಾಹಕನ ಹಿರಿಮೆಯನ್ನು ಅವನ ಕಪಾಟಿನ ಉದ್ದದಿಂದ ಅಳೆಯಬಾರದು; ಎಷ್ಟು ಕೈಗಳಿಗೆ ಅವನು ಆಟವನ್ನು ದಾಟಿಸಿದನೆಂಬುದರಿಂದ ಅಳೆಯಬೇಕು.

ಈ ಹವ್ಯಾಸದ ವಿರುದ್ಧ ಮುಖ್ಯವಾಗಿ ಎರಡು ಆಕ್ಷೇಪಗಳಿವೆ. ಹಳೆಯ ಆಟಗಳನ್ನೆಲ್ಲ ಇಂದಿನ ಕಂಪ್ಯೂಟರಿನಲ್ಲಿ ನಕಲು ಮಾಡಿ ಆಡಬಹುದಾಗಿರುವಾಗ ಹಳೆಯ ಯಂತ್ರದ ಗೊಡವೆ ಏಕೆ ಎಂಬುದು ಮೊದಲನೆಯದು. ಹಳೆಯ ಯಂತ್ರದಂತೆಯೇ ವರ್ತಿಸುವ ಪ್ರೋಗ್ರಾಂಗಳು, ಎಂದರೆ ಎಮ್ಯುಲೇಟರುಗಳು, ಬಂದಿರುವುದು ನಿಜ. ಅವುಗಳ ಉಪಕಾರ ದೊಡ್ಡದು. ಶಿಥಿಲವಾದ ಓಲೆಗರಿಯನ್ನು ನೋಡಿ ಹೊಸ ಗರಿಯ ಮೇಲೆ ಪ್ರತಿ ಮಾಡಿದ ಲಿಪಿಕಾರರಿಲ್ಲದೆ ಹೋಗಿದ್ದರೆ ಹಳಗನ್ನಡದ ಕಾವ್ಯಗಳು ಇಂದಿಗೆ ಉಳಿಯುತ್ತಿರಲಿಲ್ಲ. ಆದರೆ ಪ್ರತಿ ಮಾಡಲು ಮೂಲ ಬೇಕಷ್ಟೆ? ಪ್ರತಿ ಸರಿಯಾಗಿದೆಯೆ ಎಂದು ಹೋಲಿಸಲೂ ಮೂಲವೇ ಬೇಕು. ಅಲ್ಲದೆ ನಕಲಿಗೆ ಸಿಗದ ಗುಣಗಳೂ ಮೂಲದಲ್ಲಿವೆ. ‘ಡಕ್ ಹಂಟ್’ ಎಂಬ ಆಟದಲ್ಲಿ ಆಟಿಕೆಯ ಬಂದೂಕಿನಿಂದ ಟಿ.ವಿ.ಯ ಮೇಲಿನ ಬಾತುಕೋಳಿಗೆ ಗುರಿಯಿಡಬೇಕು. ಕುದುರೆ ಎಳೆದೊಡನೆ ಪರದೆ ಕ್ಷಣಮಾತ್ರ ಕಪ್ಪಾಗಿ, ಬಾತುಕೋಳಿಯಿದ್ದ ಸ್ಥಳದಲ್ಲಿ ಬಿಳಿಯ ಚೌಕ ಹೊಳೆಯುತ್ತದೆ. ಬಂದೂಕಿನೊಳಗಿನ ಕಣ್ಣು ಆ ಹೊಳಪನ್ನು ಹಿಡಿಯುತ್ತದೆ. ಪಿಕ್ಚರ್ ಟ್ಯೂಬಿನ ದಪ್ಪ ಟಿ.ವಿ.ಗಷ್ಟೇ ಹೊಂದುವ ಉಪಾಯವಿದು. ಇಂದಿನ ತೆಳುವಾದ ಟಿ.ವಿ.ಯಲ್ಲಿ ಚಿತ್ರ ತುಸು ತಡವಾಗಿ ಮೂಡುವುದರಿಂದ ಆ ಬಂದೂಕು ಕುರುಡಾಗುತ್ತದೆ. ಆದುದರಿಂದ ಗುಜರಿಯವನಿಗೆ ಕೊಡುವ ಹಳೆಯ ಟಿ.ವಿ.ಯೂ ಈ ಕಥೆಯ ಒಂದು ಪಾತ್ರವೇ ಆಗಿದೆ. ನಕಲೂ ಇರಲಿ, ಮೂಲವೂ ಇರಲಿ. ಒಂದು ಮತ್ತೊಂದಕ್ಕೆ ಶತ್ರುವಲ್ಲ.

ಆಟವು ಕ್ಷುಲ್ಲಕವಾದುದು, ಉಳಿಸಲು ಯೋಗ್ಯವಾದುದೇನಲ್ಲ ಎಂಬುದು ಎರಡನೆಯ ಆಕ್ಷೇಪ. ಇದು ಬಹಳ ಹಳೆಯ ಮಾತು. ಚಲನಚಿತ್ರ ಹುಟ್ಟಿದಾಗಲೂ ದೊಡ್ಡವರು ಇದನ್ನೇ ಹೇಳಿದ್ದರು. ಅದರ ಫಲವೇನಾಯಿತು? ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡಿತು. ಇಂದು ಅದರ ಒಂದು ಪ್ರತಿಯೂ ದೊರೆಯುವುದಿಲ್ಲ. ಕನ್ನಡ ಮೊದಲ ಬಾರಿಗೆ ಬೆಳ್ಳಿತೆರೆಯ ಮೇಲೆ ನುಡಿದ ಆ ಧ್ವನಿಯನ್ನು ಇನ್ನು ಯಾರೂ ಕೇಳಲಾರರು. ಅಂದು ಯಾರೂ ಅದನ್ನು ದ್ವೇಷದಿಂದ ನಾಶ ಮಾಡಲಿಲ್ಲ. ಉಳಿಸಬೇಕೆಂದು ಯಾರಿಗೂ ತೋಚಲಿಲ್ಲ, ಅಷ್ಟೆ. ವಸ್ತುಗಳು ಬಹುಮಟ್ಟಿಗೆ ಅಳಿಯುವುದು ಹೀಗೆಯೇ. ವಿಡಿಯೋ ಆಟಗಳೂ ಅದೇ ದಾರಿಯಲ್ಲಿವೆ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿತು. 2010ಕ್ಕೆ ಮುಂಚೆ ಆ ದೇಶದಲ್ಲಿ ಹೊರಬಂದ ಆಟಗಳಲ್ಲಿ ನೂರಕ್ಕೆ 87ರಷ್ಟನ್ನು ಇಂದು ಅಂಗಡಿಯಲ್ಲಿ ಹೊಸದಾಗಿ ಕೊಳ್ಳಲು ಸಾಧ್ಯವಿಲ್ಲವೆಂದು ಅದರಿಂದ ತಿಳಿದುಬಂದಿತು. ಅವನ್ನು ಆಡಬೇಕಾದರೆ ಹಳೆಯ ಪ್ರತಿಯನ್ನು ಹುಡುಕಬೇಕು, ಇಲ್ಲವೆ ದೂರದ ಗ್ರಂಥಾಲಯಕ್ಕೆ ಹೋಗಬೇಕು, ಅದೂ ಇಲ್ಲವೆ ಕಾನೂನು ಮೀರಿದ ನಕಲನ್ನು ಆಶ್ರಯಿಸಬೇಕು. ಗ್ರಂಥಾಲಯಗಳು ಸಂಶೋಧಕರಿಗೆ ಇಂಥ ಆಟಗಳನ್ನು ದೂರದಿಂದಲೇ ಒದಗಿಸಲು ಅನುಮತಿ ಬೇಡಿದಾಗ, 2024ರ ಅಕ್ಟೋಬರಿನಲ್ಲಿ ಅಮೆರಿಕದ ಕೃತಿಸ್ವಾಮ್ಯ ಕಚೇರಿ ಅದನ್ನು ಒಪ್ಪಲಿಲ್ಲ. ಆಟ ಮಾಡಿದವರ ಹಕ್ಕಿಗೆ ಬೆಲೆ ಕೊಡಬೇಕಾದುದು ಸರಿಯೇ. ಆದರೆ ತಾವೂ ಮಾರದೆ, ಇತರರು ಕಾಪಾಡಲೂ ಬಿಡದೆ ಇರುವ ಹಕ್ಕು ಯಾರಿಗೂ ಶೋಭಿಸದು.

ಸಂತೋಷದ ಸಂಗತಿಯೆಂದರೆ, ವಿದ್ವತ್ತಿನ ಲೋಕವೂ ನಿಧಾನವಾಗಿ ಕಣ್ಣು ತೆರೆಯುತ್ತಿದೆ. ರಾಲ್ಫ್ ಬೇರನ ಮಾದರಿ ಯಂತ್ರ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದೆ. ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯವು 2012ರಲ್ಲಿ 14 ಆಟಗಳನ್ನು ಕಲಾಕೃತಿಗಳೆಂದು ಸೇರಿಸಿಕೊಂಡಿತು. ಬರ್ಲಿನ್ ನಗರದಲ್ಲಿ ಇವುಗಳಿಗೆಂದೇ ಒಂದು ವಸ್ತುಸಂಗ್ರಹಾಲಯವಿದೆ. 2024ರಲ್ಲಿ ಜಪಾನಿನ ಕ್ಯೋಟೊ ಬಳಿಯ ಊಜಿಯಲ್ಲಿ ನಿಂಟೆಂಡೊ ಕಂಪನಿಯು ತನ್ನದೇ ಸಂಗ್ರಹಾಲಯವನ್ನು ತೆರೆಯಿತು. 1889ರಲ್ಲಿ ಇಸ್ಪೀಟಿನಂಥ ಹೂವಿನ ಚಿತ್ರದ ಎಲೆಗಳನ್ನು ತಯಾರಿಸುವ ಅಂಗಡಿಯಾಗಿ ಆರಂಭವಾದ ಕಂಪನಿಯದು.

ಭಾರತದ ಕಥೆ ಬೇರೆ. 1990ರ ದಶಕದಲ್ಲಿ ನಿಂಟೆಂಡೊ ಯಂತ್ರವನ್ನು ಹೋಲುವ ಅಗ್ಗದ ಯಂತ್ರಗಳು ಬೆಂಗಳೂರಿನಂಥ ನಗರಗಳ ಪೇಟೆಗಳಿಗೆ ಬಂದವು. ಕಾರ್ಟ್ರಿಜ್ ಎಂಬ ಪದ ಯಾರ ಬಾಯಲ್ಲೂ ಇರಲಿಲ್ಲ. ಎಲ್ಲರೂ ಅದನ್ನು ‘ಕ್ಯಾಸೆಟ್ಟು’ ಎಂದೇ ಕರೆದರು. ಒಂದೇ ಕ್ಯಾಸೆಟ್ಟಿನಲ್ಲಿ ಲಕ್ಷಗಟ್ಟಲೆ ಆಟಗಳಿವೆಯೆಂದು ಚೀಟಿ ಅಂಟಿಸಿರುತ್ತಿದ್ದರು. ಹಾಕಿ ನೋಡಿದರೆ ಅವೇ ಕೆಲವು ಆಟಗಳು ಬೇರೆ ಬೇರೆ ಹೆಸರಿನಲ್ಲಿ ತಿರುತಿರುಗಿ ಬರುತ್ತಿದ್ದವು. ಆದರೂ ಬೇಸಿಗೆಯ ರಜೆಯಲ್ಲಿ ಆ ಯಂತ್ರವಿರುವ ಮನೆಯ ಮುಂದೆ ಬೀದಿಯ ಮಕ್ಕಳ ಚಪ್ಪಲಿಗಳು ಸಾಲುಗಟ್ಟುತ್ತಿದ್ದವು. ಒಬ್ಬ ಸೋತರೆ ಮತ್ತೊಬ್ಬನ ಸರದಿ. ಕ್ಯಾಸೆಟ್ಟುಗಳು ಮನೆಯಿಂದ ಮನೆಗೆ, ಕೈಯಿಂದ ಕೈಗೆ ಸಾಗುತ್ತಿದ್ದವು. ಆ ಯಂತ್ರಗಳು ಕಳ್ಳ ನಕಲುಗಳಾಗಿದ್ದುದರಿಂದ ಅವಕ್ಕೆ ಗೌರವವಿಲ್ಲ, ಬೆಲೆಯೂ ಇಲ್ಲ. ಆದರೆ ಒಂದು ಪೀಳಿಗೆಯ ಬಾಲ್ಯಕ್ಕೆ ಅವೇ ಸಾಕ್ಷಿ. ಅಂಥ ಒಂದು ಯಂತ್ರ ಮನೆಯ ಅಟ್ಟದ ಮೇಲೆ ಇಂದಿಗೂ ಇದ್ದರೆ, ಗುಜರಿಗೆ ಹಾಕುವ ಮುನ್ನ ಮನೆಯವರು ಒಮ್ಮೆ ಯೋಚಿಸುವುದು ಒಳ್ಳೆಯದು.

ಹೀಗೆ ಕೈಯಿಂದ ಕೈಗೆ ಸಾಗುವ ಗುಣವೇ ಕಾರ್ಟ್ರಿಜ್ಜಿನ ಹಿರಿಯ ಗುಣ. ಅದನ್ನು ಕೊಂಡವನ ಬಳಿ ಆಟ ಪೂರ್ತಿಯಾಗಿ ಇರುತ್ತದೆ. ಅವನು ಅದನ್ನು ಗೆಳೆಯನಿಗೆ ಎರವಲು ಕೊಡಬಹುದು, ತಂಗಿಗೆ ಬಿಟ್ಟುಕೊಡಬಹುದು, ಮೊಮ್ಮಕ್ಕಳಿಗಾಗಿ ತೆಗೆದಿಡಬಹುದು. ಇಂದಿನ ಅನೇಕ ಆಟಗಳು ಹಾಗಲ್ಲ. ಅವು ಕಂಪನಿಯ ಕಂಪ್ಯೂಟರಿನೊಡನೆ ಸದಾ ಸಂಪರ್ಕದಲ್ಲಿದ್ದರೆ ಮಾತ್ರ ನಡೆಯುತ್ತವೆ. 2014ರಲ್ಲಿ ಹೊರಬಂದ ‘ದ ಕ್ರೂ’ ಎಂಬ ಕಾರು ಓಟದ ಆಟಕ್ಕೆ ಬೇಕಾದ ಸಂಪರ್ಕವನ್ನು 2024ರ ಮಾರ್ಚಿ ತಿಂಗಳ ಕೊನೆಯಲ್ಲಿ ಕಂಪನಿ ನಿಲ್ಲಿಸಿತು. ಹಣ ಕೊಟ್ಟು ಕೊಂಡವರ ಮನೆಯಲ್ಲಿ ತಟ್ಟೆ ಉಳಿಯಿತು, ಆಟ ಉಳಿಯಲಿಲ್ಲ. ನಲವತ್ತು ವರ್ಷಗಳ ಹಿಂದಿನ ಅಟಾರಿ ಆಟ ಇಂದಿಗೂ ನಡೆಯುತ್ತದೆ. ಹತ್ತು ವರ್ಷದ ಹಿಂದಿನ ಆಟ ಸತ್ತುಹೋಗಿದೆ. ಹೊಸದೆಲ್ಲವೂ ಹಳೆಯದಕ್ಕಿಂತ ಗಟ್ಟಿಯೆಂಬ ಭಾವನೆಯನ್ನು ಈ ಒಂದು ಹೋಲಿಕೆಯೇ ಅಲುಗಿಸುತ್ತದೆ.

ಅತಿಯಾದರೆ ಅಮೃತವೂ ವಿಷ ಎಂಬ ಹಿರಿಯರ ಮಾತು ಈ ಹವ್ಯಾಸಕ್ಕೂ ಸಲ್ಲುತ್ತದೆ. ಸಾಲ ಮಾಡಿ ಸಂಗ್ರಹಿಸುವುದು, ಪಾಠವನ್ನೂ ಮೈದಾನವನ್ನೂ ಮರೆತು ಪರದೆಯ ಮುಂದೆ ಕುಳಿತಿರುವುದು ಯಾರಿಗೂ ಹಿತವಲ್ಲ. ಆಡದ ಆಟಗಳನ್ನು ಮನೆಯ ತುಂಬ ಒಟ್ಟುವುದು ಸಂಗ್ರಹವಲ್ಲ, ಲೋಭ. ಹತ್ತು ಆಟಗಳನ್ನಿಟ್ಟುಕೊಂಡು, ಹತ್ತನ್ನೂ ನಡೆಯುವ ಸ್ಥಿತಿಯಲ್ಲಿಟ್ಟು, ಬಂದವರಿಗೆಲ್ಲ ಆಡಲು ಕೊಡುವವನು, ಸಾವಿರ ಪೆಟ್ಟಿಗೆಗಳಿಗೆ ಬೀಗ ಹಾಕಿದವನಿಗಿಂತ ಮೇಲು.

ಮನುಷ್ಯನು ದುಡಿದದ್ದನ್ನಷ್ಟೇ ಅಲ್ಲ, ನಲಿದದ್ದನ್ನೂ ಇತಿಹಾಸವು ನೆನಪಿಡಬೇಕು. ಅರಸರ ಯುದ್ಧಗಳು ಶಾಸನಗಳಲ್ಲಿ ಉಳಿದಿವೆ. ಮಕ್ಕಳ ಆಟಗಳು ಆಡುವ ಮಕ್ಕಳಲ್ಲಿ ಮಾತ್ರ ಉಳಿಯುತ್ತವೆ. ಅಲಮೊಗೊರ್ಡೊದ ಗುಂಡಿಯಿಂದ ಮೇಲೆದ್ದ ಪೆಟ್ಟಿಗೆಗಳಲ್ಲಿ ಹಲವು ಜಜ್ಜಿಹೋಗಿದ್ದವು, ಮಣ್ಣು ಮೆತ್ತಿದ್ದವು. ಅವು ಗಾಜಿನ ಕಪಾಟಿನಲ್ಲಿ ಇರತಕ್ಕವೇ. ಆದರೆ ಅದೇ ಆಟದ ಮತ್ತೊಂದು ಪ್ರತಿ ಲೋಕದ ಯಾವುದೋ ಮೂಲೆಯ ಮನೆಯಲ್ಲಿ, ಒರೆಸಿದ ಯಂತ್ರದಲ್ಲಿ, ದಪ್ಪ ಟಿ.ವಿ.ಯ ಮುಂದೆ ಇನ್ನೂ ನಡೆಯುತ್ತಿದೆ. ಅಜ್ಜನಾಗಿರುವ ಹಳೆಯ ಹುಡುಗನೊಬ್ಬ ಜಾಯ್‌ಸ್ಟಿಕ್ ಅನ್ನು ಮೊಮ್ಮಗಳ ಕೈಗಿತ್ತು, “ಈಗ ನಿನ್ನ ಸರದಿ” ಎನ್ನುತ್ತಾನೆ. ಆ ಮಾತು ಕೇಳಿಬರುವವರೆಗೆ ಆ ಆಟಕ್ಕೆ ಸಾವಿಲ್ಲ.